ಕಣ್ಣು ಕಂಡದ್ದು, ಕೈ ಅರಿತದ್ದು: ಕಾರವಾರ–ಅಂಕೋಲೆಗಳ ಕರಾವಳಿ ಮತ್ತು ಚರ್ಮರೋಗನಿದಾನದ ಇತಿಹಾಸ

ಕಾಳೀ ಮತ್ತು ಗಂಗಾವಳಿ ನದಿಗಳು ಕಡಲನ್ನು ಸೇರುವ ಕಾರವಾರ–ಅಂಕೋಲೆಗಳ ಕರಾವಳಿ ಮಳೆ, ಬೆವರು, ಉಪ್ಪುನೀರುಗಳ ನಾಡು. ಶಾಖ ಮತ್ತು ತೇವವಿರುವಲ್ಲಿ ಹಬ್ಬುವ ಚಿಬ್ಬು ಇಲ್ಲಿಯ ಜನರಿಗೆ ಹೊಸದಲ್ಲ. ಆದರೆ ಮೈಮೇಲೆ ಮೂಡಿದ ಬಿಳಿಚು ಮಚ್ಚೆ ಚಿಬ್ಬೋ, ತೊನ್ನೋ, ಕುಷ್ಠವೋ ಎಂಬ ಪ್ರಶ್ನೆಯ ಮೇಲೆ ಒಬ್ಬ ಮನುಷ್ಯನ ಮನೆ, ಮದುವೆ, ಊರಿನ ಋಣಗಳೆಲ್ಲವೂ ನಿಂತಿದ್ದವು. ಈ ಮೂರನ್ನು ಬೇರ್ಪಡಿಸಲು ವೈದ್ಯರ ಕಣ್ಣು ಹೇಗೆ ಕಲಿಯಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ನಮ್ಮ ಪ್ರಾಚೀನರು ನೋಟದ ಪಾಠವನ್ನು ಉಪಮೆಯಿಂದ ಕಲಿಸಿದರು. ಚರಕಸಂಹಿತೆಯು ಕುಷ್ಠವನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿ, ಮಡಕೆಯ ಚೂರು, ಅತ್ತಿಹಣ್ಣು, ಜಿಂಕೆಯ ನಾಲಿಗೆ, ತಾವರೆಯ ಎಸಳು, ಸೋರೆಯ ಹೂವು, ಗುಲಗಂಜಿ ಇವುಗಳ ಹೋಲಿಕೆಯಿಂದ ಕೆಲವನ್ನು ಗುರುತಿಸುತ್ತದೆ. ಶಿಷ್ಯನು ಹಿತ್ತಿಲಲ್ಲಿ ಕಂಡುದನ್ನೇ ರೋಗಿಯ ಮೈಮೇಲೆ ಕಾಣಬೇಕಾಗಿತ್ತು. ಸ್ಪರ್ಶಜ್ಞಾನ ಕುಂದುವುದನ್ನೂ ಆ ಗ್ರಂಥವು ಪೂರ್ವಲಕ್ಷಣಗಳಲ್ಲಿ ಎಣಿಸಿದೆ. ಆದರೆ ಕುಷ್ಠವೆಂಬ ಹೆಸರು ಅತಿ ವಿಶಾಲವಾಗಿತ್ತು. ಸುಶ್ರುತನು ತೊನ್ನನ್ನೂ ಕುಷ್ಠದ ಒಂದು ಭೇದವೆಂದೇ ಹೇಳಿ, ಅದು ಚರ್ಮಕ್ಕೆ ಮಾತ್ರ ಸೀಮಿತವೆಂದು ಬೇರ್ಪಡಿಸಿದನು. ಜನರ ಬಾಯಲ್ಲಿ ‘ಶ್ವೇತಕುಷ್ಠ’ವೆಂಬ ಹೆಸರು ಉಳಿಯಿತು; ಆ ವಿವೇಚನೆ ಮಾತ್ರ ಮರೆಯಾಯಿತು.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ವೈದ್ಯನಾಗಿದ್ದ ಹೆನ್ರಿ ವ್ಯಾಂಡೈಕ್ ಕಾರ್ಟರ್, 1858ರಲ್ಲಿ ಪ್ರಕಟವಾದ ಗ್ರೇಯ ಅಂಗರಚನಾಶಾಸ್ತ್ರಕ್ಕೆ ಚಿತ್ರಗಳನ್ನು ಬರೆದವನು; ಕುಷ್ಠವನ್ನು ಕುರಿತ ಅವನ ಗ್ರಂಥವು 1874ರಲ್ಲಿ ಹೊರಬಂದಿತು. ಅದರ ಹಿಂದಿನ ವರ್ಷ, 1873ರಲ್ಲಿ, ನಾರ್ವೆಯ ಹ್ಯಾನ್ಸೆನ್ ರೋಗಾಣುವನ್ನು ಕಂಡಿದ್ದನು. ಇಷ್ಟಾದರೂ ನಿದಾನವು ಬಹುಮಟ್ಟಿಗೆ ಕಣ್ಣು ಕೈಗಳ ಕೆಲಸವಾಗಿಯೇ ಉಳಿಯಿತು. 1898ರ ಕುಷ್ಠರೋಗಿಗಳ ಕಾಯಿದೆಯು ನಿರ್ಗತಿಕ ರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿಡಲು ಅವಕಾಶ ಕೊಟ್ಟಿತು. ಹೀಗೆ ತಪ್ಪು ನಿದಾನವೆಂಬುದು ತಪ್ಪು ತೀರ್ಪೂ ಆಗಬಹುದಾಗಿತ್ತು.

1955ರಲ್ಲಿ ರಾಷ್ಟ್ರೀಯ ಕುಷ್ಠ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ಮರುವರ್ಷ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಮನೆಮನೆಗೆ ಹೋಗುವ ಕಾರ್ಯಕರ್ತರಿಗೆ ಕಲಿಸಬೇಕಾದ ವಿದ್ಯೆ ಸರಳವೂ ಸೂಕ್ಷ್ಮವೂ ಆದದ್ದು. ಹಗಲ ಬೆಳಕಿನಲ್ಲಿ ಇಡೀ ಮೈಯನ್ನು ನೋಡಬೇಕು. ತೊನ್ನಿನ ಮಚ್ಚೆ ಹಾಲುಬಿಳುಪು. ಅದರ ಮೇಲಿನ ಕೂದಲು ಬೆಳ್ಳಗಾಗುವುದೂ ಉಂಟು. ಚಿಬ್ಬನ್ನು ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ಕುಷ್ಠದ ಮಚ್ಚೆ ಪೂರ್ಣ ಬೆಳ್ಳಗಲ್ಲ, ಮಾಸಿದಂತಿರುತ್ತದೆ. ಕೆಲವೊಮ್ಮೆ ತಾಮ್ರದ ಬಣ್ಣ. ಇಷ್ಟರಿಂದಲೇ ನಿರ್ಣಯಿಸಲಾಗದು. ರೋಗಿಯ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮಚ್ಚೆಯನ್ನು ಮುಟ್ಟಬೇಕು. ಮೊಣಕೈಯ ಬಳಿಯ ನರ ದಪ್ಪವಾಗಿದೆಯೋ ಎಂದು ಬೆರಳಿನಿಂದ ಅರಿಯಬೇಕು. ಮುಖದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಉಳಿದಿರುವುದುಂಟು. ಅಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಬಿಳಿಯರ ಚರ್ಮದ ಚಿತ್ರಗಳನ್ನೇ ನೋಡಿ ಕಲಿತವನಿಗೆ, ಗೋಧಿ ಅಥವಾ ಕಪ್ಪು ಮೈಬಣ್ಣದ ಮೇಲೆ ಕೆಂಪು ಕೆಂಪಾಗಿ ಕಾಣದಿರುವುದೂ ಒಂದು ಹೊಸ ಪಾಠವೇ.

1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದ ಮೇಲೆ ಕುಷ್ಠವು ನಿಶ್ಚಿತವಾಗಿ ವಾಸಿಯಾಗುವ ರೋಗವಾಯಿತು. ಕಾನೂನು ಮಾತ್ರ ಬಹಳ ತಡವಾಗಿ ಎಚ್ಚೆತ್ತಿತು. 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿವಾಹವಿಚ್ಛೇದನದ ಕಾರಣಗಳಿಂದ ತೆಗೆದದ್ದು 2019ರಲ್ಲಿ.

ರೋಗ ವಿರಳವಾದಂತೆ ಅದನ್ನು ಗುರುತಿಸುವ ಕಣ್ಣೂ ವಿರಳವಾಗುತ್ತದೆ. ಆಗ ನಿದಾನ ತಡವಾಗಿ, ಬೆರಳುಗಳ ಶಕ್ತಿ ನಷ್ಟವಾಗುವ ಭಯವಿದೆ. ನೋಟವು ಶಂಕೆಯನ್ನು ಹುಟ್ಟಿಸಬೇಕು, ಸ್ಪರ್ಶವು ಅದನ್ನು ಪರೀಕ್ಷಿಸಬೇಕು. ಹೆಸರು ಹೇಳುವುದು ಆಮೇಲಿನ ಮಾತು. ಈ ಕ್ರಮ ತಪ್ಪಿದಾಗಲೆಲ್ಲ ದಂಡ ತೆತ್ತವನು ರೋಗಿಯೇ ಹೊರತು ವೈದ್ಯನಲ್ಲವೆಂಬುದನ್ನು ಈ ಇತಿಹಾಸವು ನಮಗೆ ನೆನಪಿಸುತ್ತದೆ.