ಮನೆ ಮಾರಾಟಕ್ಕೆ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು: ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್

ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಮೌಲ್ಯದ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ದಸ್ತಾವೇಜಿನ ಮೂಲಕವೇ ಆಗತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಪ್ರಕರಣವು ವಿಧಿಸುತ್ತದೆ. ಅದೇ ಅಧಿನಿಯಮದ 55ನೇ ಪ್ರಕರಣದಂತೆ ಹಕ್ಕಿನಲ್ಲಿರುವ ದೋಷವನ್ನು ಖರೀದಿದಾರರಿಗೆ ತಿಳಿಸುವುದು, ಹಕ್ಕಿನ ಪತ್ರಗಳನ್ನು ಪರಿಶೀಲನೆಗೆ ಒದಗಿಸುವುದು ಹಾಗೂ ಕ್ರಯದ ದಿನದವರೆಗಿನ ಕಂದಾಯ ಮುಂತಾದ ಸಾರ್ವಜನಿಕ ಬಾಕಿಗಳನ್ನು ತೀರಿಸುವುದು ಮಾರಾಟಗಾರರ ಹೊಣೆಯಾಗಿರುತ್ತದೆ. ಆದರೆ ರೂಢಿಯಲ್ಲಿ ಮೊದಲು ಮುಂಗಡ ಹಣ ಪಡೆದು, ಕರಾರು ಬರೆದುಕೊಟ್ಟು, ಅನಂತರ ಪತ್ರಗಳನ್ನು ಹುಡುಕಲು ಆರಂಭಿಸುವವರೇ ಹೆಚ್ಚು. ಕರಾರಿನ ಅವಧಿಯೊಳಗೆ ಪತ್ರಗಳು ಸಿದ್ಧವಾಗದಿದ್ದಲ್ಲಿ ಖರೀದಿದಾರರು ಹಣ ಹಿಂದಿರುಗಿಸಲು ಕೇಳಬಹುದು ಅಥವಾ ಕರಾರಿನ ಪಾಲನೆಗಾಗಿ ಸಿವಿಲ್ ನ್ಯಾಯಾಲಯದ ಮೊರೆ ಹೋಗಬಹುದು. ಆದುದರಿಂದ ಕೆಳಗೆ ವಿವರಿಸಿರುವ ಕೆಲಸಗಳನ್ನು ಮುಂಗಡ ಪಡೆಯುವ ಮುನ್ನವೇ ಮುಗಿಸಿಕೊಳ್ಳುವುದು ಸೂಕ್ತ.

ಹಕ್ಕಿನ ಮೂಲ ಪತ್ರ

ಖಾತೆಯು ಮಾಲೀಕತ್ವದ ಪತ್ರವಲ್ಲ. ಕಂದಾಯ ಯಾರಿಂದ ವಸೂಲಾಗಬೇಕೆಂಬುದನ್ನು ತೋರಿಸುವ ದಾಖಲೆ ಮಾತ್ರ. ಸ್ವತ್ತು ತಮಗೆ ಹೇಗೆ ಬಂದಿತೆಂಬುದನ್ನು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಉಯಿಲು ಅಥವಾ ಸರ್ಕಾರ ನೀಡಿದ ಹಕ್ಕುಪತ್ರದಿಂದ ತೋರಿಸಬೇಕಾಗುತ್ತದೆ. ತಮ್ಮ ಪತ್ರದ ಜೊತೆಗೆ ಅದಕ್ಕೆ ಹಿಂದಿನ ಪತ್ರಗಳೂ ಬೇಕಾಗುತ್ತವೆ. ನೋಂದಾಯಿತ ಮೂಲಪತ್ರ ಕಳೆದುಹೋಗಿದ್ದಲ್ಲಿ ಅದು ನೋಂದಣಿಯಾದ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಪತ್ರಿಕೆಯಲ್ಲಿ ಪ್ರಕಟಣೆ ನೀಡಿದ ದಾಖಲೆಯನ್ನು ಖರೀದಿದಾರರ ಬ್ಯಾಂಕು ಸಾಮಾನ್ಯವಾಗಿ ಕೇಳುತ್ತದೆ.

ಗೃಹ ಮಂಡಳಿ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದಿಂದ ಗುತ್ತಿಗೆ ಸಹಿತ ಮಾರಾಟದ ಕರಾರಿನ ಮೇಲೆ ನಿವೇಶನ ಅಥವಾ ಮನೆ ಪಡೆದವರು ಮೊದಲು ತಮ್ಮ ಹೆಸರಿಗೆ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳಬೇಕು. ಆಶ್ರಯ ಮುಂತಾದ ಯೋಜನೆಗಳ ಹಕ್ಕುಪತ್ರಗಳಲ್ಲಿ ಪರಭಾರೆ ನಿಷೇಧದ ಷರತ್ತು ಇದೆಯೇ ಎಂಬುದನ್ನು ಓದಿ ನೋಡಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಿನಲ್ಲಿ ಮನೆ ಇದ್ದಲ್ಲಿ, 1978ರ ಪರಭಾರೆ ನಿಷೇಧ ಅಧಿನಿಯಮದಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾಡಿದ ಮಾರಾಟವು ಅಸಿಂಧುವಾಗುತ್ತದೆ.

ಖಾತೆ ಇನ್ನೂ ತಂದೆ ಅಥವಾ ತಾತನ ಹೆಸರಿನಲ್ಲಿದ್ದರೆ

ಹಳೆಯ ಮನೆಗಳ ಮಾರಾಟದಲ್ಲಿ ಅತಿ ಹೆಚ್ಚು ತೊಡಕು ಬರುವುದು ಇಲ್ಲಿಯೇ. ತೀರಿಕೊಂಡವರ ಮರಣ ಪ್ರಮಾಣಪತ್ರ ಹಾಗೂ ನಾಡಕಚೇರಿಯ ಮೂಲಕ ಪಡೆದ ವಂಶವೃಕ್ಷದೊಂದಿಗೆ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಹಲವು ವಾರಸುದಾರರಿದ್ದೂ ಒಬ್ಬರ ಹೆಸರಿಗೆ ಮಾತ್ರ ಖಾತೆಯಾಗಿದ್ದಲ್ಲಿ, ಉಳಿದವರ ಹಕ್ಕು ಅದರಿಂದ ಹೋಗುವುದಿಲ್ಲ.

ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಕ್ಕಳ ಹಕ್ಕನ್ನು ಕುರಿತು ಇಂದಿಗೂ ತಪ್ಪು ತಿಳಿವಳಿಕೆಯಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಯಾರ್ಜಿತ ಮನೆಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದಲ್ಲಿ ತಂದೆಯ ತಾಯಿ ಇವರೆಲ್ಲರಿಗೂ ಭಾಗವಿರುತ್ತದೆ. ಪಿತ್ರಾರ್ಜಿತ ಸ್ವತ್ತಿನಲ್ಲಿಯೂ 2005ರ ಸೆಪ್ಟೆಂಬರ್ 9ರ ತಿದ್ದುಪಡಿಯು ಮಗಳಿಗೆ ಮಗನಷ್ಟೇ ಹಕ್ಕು ನೀಡಿದೆ. ಆ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗಪತ್ರ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗಕ್ಕೆ ಈ ತಿದ್ದುಪಡಿಯಿಂದ ಬಾಧೆಯಿಲ್ಲ. ಮದುವೆಯಾಗಿ ಬೇರೆ ಊರಿನಲ್ಲಿರುವರೆಂಬ ಅಥವಾ ಮದುವೆಯ ಕಾಲದಲ್ಲಿ ಒಡವೆ, ಹಣ ಕೊಟ್ಟಾಗಿದೆಯೆಂಬ ಕಾರಣಕ್ಕೆ ಮಗಳ ಹೆಸರನ್ನು ವಂಶವೃಕ್ಷದಿಂದ ಬಿಡುವಂತಿಲ್ಲ. ಹಾಗೆ ಬಿಟ್ಟು ಮಾರಿದಲ್ಲಿ ಆಕೆಯ ಭಾಗ ಖರೀದಿದಾರರಿಗೆ ಸೇರುವುದಿಲ್ಲ. ಸುಳ್ಳು ಮಾಹಿತಿ ನೀಡಿದವರ ಮೇಲೆ ಕ್ರಿಮಿನಲ್ ಕ್ರಮಕ್ಕೂ ಅವಕಾಶವಿರುತ್ತದೆ. ಆಕೆ ಮಾರಾಟಗಾರರಲ್ಲಿ ಒಬ್ಬರಾಗಿ ಕ್ರಯಪತ್ರಕ್ಕೆ ಸಹಿ ಮಾಡಬಹುದು ಅಥವಾ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು. ಬಿಳಿ ಹಾಳೆಯ ಮೇಲಿನ ಒಪ್ಪಿಗೆ ಪತ್ರದಿಂದ ಹಕ್ಕು ಬಿಡುಗಡೆಯಾಗುವುದಿಲ್ಲ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅವರವರಿಗೆ ಅನ್ವಯಿಸುವ ಉತ್ತರಾಧಿಕಾರ ಕಾನೂನಿನಂತೆ ವಾರಸುದಾರರನ್ನು ಗುರುತಿಸಬೇಕು.

ವಾರಸುದಾರರಲ್ಲಿ ಅಪ್ರಾಪ್ತ ವಯಸ್ಸಿನ ಮಕ್ಕಳಿದ್ದು, ಅವರಿಗೆ ಪ್ರತ್ಯೇಕ ಭಾಗ ಬಂದಿದ್ದರೆ, ತಾಯಿಯೇ ಪೋಷಕರಾಗಿದ್ದರೂ ಅದನ್ನು ಮಾರಲು ನ್ಯಾಯಾಲಯದ ಪೂರ್ವಾನುಮತಿ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಕರಾರಿನ ಅವಧಿಯನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸಿಕೊಳ್ಳಬೇಕು.

ಮಕ್ಕಳು ಹೊರದೇಶದಲ್ಲಿದ್ದು ನೋಂದಣಿಗೆ ಬರಲಾಗದಿದ್ದಲ್ಲಿ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ ಅಥವಾ ನೋಟರಿಯ ಸಮಕ್ಷಮ ಅಧಿಕಾರಪತ್ರ ಬರೆದು ಕಳುಹಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಪಾವತಿಸತಕ್ಕದ್ದು. ಅಧಿಕಾರಪತ್ರವು ಸಾಮಾನ್ಯವಾಗಿ ಬರೆದುಕೊಟ್ಟವರ ಮರಣದೊಂದಿಗೆ ಕೊನೆಗೊಳ್ಳುತ್ತದೆ. ಕೇವಲ ಜಿ.ಪಿ.ಎ. ಮೂಲಕ ಮನೆ ಕೊಂಡಿರುವವರಿಗೆ ಅದರಿಂದ ಮಾಲೀಕತ್ವ ಬಂದಿರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇ-ಖಾತೆ ಮತ್ತು ಅಳತೆ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗಳಿಗೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ಎ, ತುಮಕೂರು ಮಹಾನಗರ ಪಾಲಿಕೆ ಹಾಗೂ ಗುಬ್ಬಿ, ಕುಣಿಗಲ್ ಪಟ್ಟಣಗಳ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಮನೆಗಳಿಗೆ ಇ-ಆಸ್ತಿ ತಂತ್ರಾಂಶದ ಇ-ಖಾತೆ ಬೇಕು. ನಗರ ಪ್ರದೇಶದ ಸ್ವತ್ತುಗಳಿಗೂ 2024ರಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಕೈಬರಹದ ಹಳೆಯ ಖಾತೆ ನಕಲನ್ನು ಹಿಡಿದು ಉಪನೋಂದಣಾಧಿಕಾರಿಗಳ ಕಚೇರಿಗೆ ಬಂದಲ್ಲಿ ಪ್ರಯೋಜನವಿಲ್ಲ. ನಗರದ ಅಂಚಿನಲ್ಲಿ ಹಿಂದೆ ಗ್ರಾಮ ಪಂಚಾಯಿತಿಯಲ್ಲಿದ್ದು ಅನಂತರ ನಗರಕ್ಕೆ ಸೇರಿದ ಬಡಾವಣೆಗಳವರು ತಮ್ಮ ಕಡತ ಈಗ ಯಾವ ಸಂಸ್ಥೆಯಲ್ಲಿದೆ ಎಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಭೂಪರಿವರ್ತನೆ ಅಥವಾ ಬಡಾವಣೆ ನಕ್ಷೆಯ ಅನುಮೋದನೆ ಇಲ್ಲದ ನಿವೇಶನಗಳ ವಿವರವನ್ನು ನಗರ ಸಂಸ್ಥೆಗಳು ಬಿ-ಖಾತೆಯಲ್ಲಿ ದಾಖಲಿಸುತ್ತವೆ. ಬಿ-ಖಾತೆಯಿಂದ ತೆರಿಗೆ ಕಟ್ಟಲು ಸಾಧ್ಯವಾಗುತ್ತದೆಯೇ ಹೊರತು ಬಡಾವಣೆ ಸಕ್ರಮವಾಗುವುದಿಲ್ಲ. ಈ ಸಂಗತಿಯನ್ನು ಖರೀದಿದಾರರಿಗೆ ಮರೆಮಾಚಬಾರದು.

ತೆಂಗು, ಅಡಿಕೆ ತೋಟದ ನಡುವೆ ಇರುವ ಮನೆಯ ವಿಷಯ ಬೇರೆ. ಜಮೀನು ಪರಿವರ್ತನೆಯಾಗಿರದಿದ್ದರೆ ಅದಕ್ಕೆ ಪಹಣಿಯೇ ದಾಖಲೆ; ಮಾರಾಟವೂ ಕೃಷಿ ಜಮೀನಿನ ಮಾರಾಟವೇ ಆಗುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಮಾಡಿಸಬೇಕು.

ಪತ್ರದಲ್ಲಿರುವ ಅಳತೆ, ಚಕ್ಕುಬಂದಿ, ಇ-ಖಾತೆಯ ವಿವರ ಮತ್ತು ಸ್ಥಳದಲ್ಲಿನ ವಸ್ತುಸ್ಥಿತಿ ಒಂದಕ್ಕೊಂದು ಹೊಂದಬೇಕು. ರಸ್ತೆ ಅಥವಾ ಹೆದ್ದಾರಿ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟ ಮನೆಗಳವರು ಭೂಸ್ವಾಧೀನದ ಆದೇಶವನ್ನು ಲಗತ್ತಿಸಿ, ಉಳಿದ ವಿಸ್ತೀರ್ಣವನ್ನಷ್ಟೇ ನಮೂದಿಸಬೇಕು. ಹಿಂದಿನ ಕ್ರಯಪತ್ರದಲ್ಲೇ ತಪ್ಪಿದ್ದಲ್ಲಿ ಅಂದು ಬರೆದುಕೊಟ್ಟವರಿಂದ ಅಥವಾ ಅವರ ವಾರಸುದಾರರಿಂದ ತಿದ್ದುಪಡಿ ಪತ್ರ ನೋಂದಾಯಿಸಿಕೊಳ್ಳಬೇಕು. 2014ರಲ್ಲಿ ಜಿಲ್ಲೆಯ ಹೆಸರಿನ ಆಂಗ್ಲ ಕಾಗುಣಿತ ಬದಲಾದುದಕ್ಕಾಗಿ ತಿದ್ದುಪಡಿ ಪತ್ರ ಬೇಕೇ ಎಂದು ಕೆಲವರು ಕೇಳುವುದುಂಟು, ಬೇಕಾಗಿಲ್ಲ.

ಋಣಭಾರ ಮತ್ತು ಸಾಲ

ಋಣಭಾರ ಪ್ರಮಾಣಪತ್ರದಲ್ಲಿ ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ದೊರೆಯುತ್ತದೆ. ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದೀಚಿನ ವಿವರಗಳಿವೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಪುಸ್ತಕಗಳಲ್ಲಿ ಶೋಧನೆ ಆಗಬೇಕು. ಈ ಪತ್ರವು ನೋಂದಾಯಿತ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ನೋಂದಣಿಯಾಗದ ಕರಾರಾಗಲಿ, ನ್ಯಾಯಾಲಯದಲ್ಲಿ ಬಾಕಿಯಿರುವ ದಾವೆಯಾಗಲಿ ಅದರಲ್ಲಿ ಕಾಣದೇ ಇರಬಹುದು.

ಬ್ಯಾಂಕು ಅಥವಾ ಸಹಕಾರ ಸಂಘದ ಸಾಲ ತೀರಿದ್ದರೂ ಋಣಭಾರ ಪತ್ರದಲ್ಲಿ ಅಡಮಾನ ಹಾಗೆಯೇ ಉಳಿದಿರುವುದುಂಟು. ಬಿಡುಗಡೆ ಪತ್ರವನ್ನು ನೋಂದಾಯಿಸಿದ ಮೇಲೆ ಹೊಸ ಋಣಭಾರ ಪತ್ರ ತೆಗೆಸಿ ನೋಡಬೇಕು. ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಬ್ಯಾಂಕುಗಳು ಮೂಲಪತ್ರಗಳನ್ನು ಹಿಂದಿರುಗಿಸತಕ್ಕದ್ದೆಂದೂ, ತಮ್ಮ ಕಾರಣದಿಂದ ತಡವಾದಲ್ಲಿ ದಿನಕ್ಕೆ 5,000 ರೂಪಾಯಿ ಪರಿಹಾರ ನೀಡತಕ್ಕದ್ದೆಂದೂ ಭಾರತೀಯ ರಿಸರ್ವ್ ಬ್ಯಾಂಕ್ 2023ರಲ್ಲಿ ಸೂಚಿಸಿದೆ.

ನೋಂದಣಿ

ಕ್ರಯಪತ್ರದ ಕರಡು ಮತ್ತು ಮೇಲಿನ ದಾಖಲೆಗಳನ್ನು ಕಾವೇರಿ 2.0 ಮೂಲಕ ಸಲ್ಲಿಸಿ, ಪರಿಶೀಲನೆಯ ನಂತರ ಶುಲ್ಕ ಪಾವತಿಸಿ, ದಿನ ಮತ್ತು ಸಮಯ ಕಾಯ್ದಿರಿಸಬೇಕು. 2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯೊಳಗಿನ ಯಾವುದೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಗೆ ಅವಕಾಶವಿರುವುದರಿಂದ ಕುಣಿಗಲ್‌ನ ಮನೆಯನ್ನು ತುಮಕೂರಿನಲ್ಲಿ ಅಥವಾ ಗುಬ್ಬಿಯಲ್ಲಿ ನೋಂದಾಯಿಸಬಹುದು.

ಶುಲ್ಕವನ್ನು ಮಾರ್ಗಸೂಚಿ ಬೆಲೆ ಅಥವಾ ಕ್ರಯದ ಮೊಬಲಗು, ಇವೆರಡರಲ್ಲಿ ಹೆಚ್ಚಿನದರ ಮೇಲೆ ಲೆಕ್ಕ ಹಾಕಲಾಗುತ್ತದೆ. ಬೇರೆ ಕರಾರಿಲ್ಲದಿದ್ದಲ್ಲಿ ಮುದ್ರಾಂಕ ಶುಲ್ಕ ಖರೀದಿದಾರರದು. ಉದಾಹರಣೆಗೆ, ತುಮಕೂರು ನಗರದಲ್ಲಿ 50 ಲಕ್ಷ ರೂಪಾಯಿಯ ಮನೆಗೆ ಶೇ. 5ರಂತೆ ಮುದ್ರಾಂಕ ಶುಲ್ಕ 2,50,000. ಆ ಶುಲ್ಕದ ಮೇಲೆ ಶೇ. 10 ಸೆಸ್ 25,000, ಶೇ. 2 ಸರ್‌ಚಾರ್ಜ್ 5,000. 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿಸಲಾದ ನೋಂದಣಿ ಶುಲ್ಕ 1,00,000. ಒಟ್ಟು 3,80,000 ರೂಪಾಯಿ. ಗ್ರಾಮಾಂತರದಲ್ಲಿ ಸರ್‌ಚಾರ್ಜ್ ಶೇ. 3. ಕ್ರಯದ ಮೊಬಲಗು 50 ಲಕ್ಷ ಅಥವಾ ಹೆಚ್ಚಾಗಿದ್ದಲ್ಲಿ ನಿವಾಸಿ ಮಾರಾಟಗಾರರ ಪ್ಯಾನ್ ಸಂಖ್ಯೆಯಲ್ಲಿ ಶೇ. 1ರಷ್ಟು ಆದಾಯ ತೆರಿಗೆಯನ್ನು ಖರೀದಿದಾರರು ಹಿಡಿದು ಕಟ್ಟಬೇಕು. ಮುಂಗಡವೂ ಸೇರಿದಂತೆ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದಲ್ಲಿ ಅಷ್ಟೇ ಮೊತ್ತದ ದಂಡ ಬೀಳಬಹುದು.

ಬರೆದುಕೊಡುವವರೆಲ್ಲರೂ ಮೂಲ ಗುರುತಿನ ಚೀಟಿಯೊಂದಿಗೆ ಹಾಜರಿದ್ದು ಭಾವಚಿತ್ರ ಮತ್ತು ಹೆಬ್ಬೆರಳ ಗುರುತು ನೀಡಬೇಕು, ಇಬ್ಬರು ಸಾಕ್ಷಿಗಳಿರಬೇಕು. ವೃದ್ಧಾಪ್ಯ ಅಥವಾ ಕಾಯಿಲೆಯಿಂದ ಏಳಲಾಗದವರ ಮನೆಗೆ ಅಧಿಕಾರಿಯೇ ಬಂದು ನೋಂದಣಿ ನೆರವೇರಿಸಲು 1908ರ ನೋಂದಣಿ ಅಧಿನಿಯಮದಲ್ಲಿ ಅವಕಾಶವಿದೆ. ಇದಕ್ಕೆ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು.

ನೋಂದಣಿಯಾದ ಮೇಲೆ ಹಿಂದಿನ ಮೂಲಪತ್ರಗಳನ್ನು ಪಟ್ಟಿ ಮಾಡಿ, ಸ್ವೀಕೃತಿ ಪಡೆದು ಖರೀದಿದಾರರಿಗೆ ಒಪ್ಪಿಸಬೇಕು. ಸ್ವತ್ತಿನ ಒಂದು ಭಾಗವನ್ನು ಉಳಿಸಿಕೊಂಡವರು ಮೂಲಪತ್ರಗಳನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಬೆಸ್ಕಾಂ ವಿದ್ಯುತ್ ಸಂಪರ್ಕ ಮತ್ತು ನಲ್ಲಿ ಸಂಪರ್ಕವನ್ನು ಖರೀದಿದಾರರ ಹೆಸರಿಗೆ ವರ್ಗಾಯಿಸಲು ಅಂದೇ ಅರ್ಜಿಗೆ ಸಹಿ ಮಾಡಿಕೊಡುವುದು ಅನುಕೂಲ. ಇಲ್ಲವಾದಲ್ಲಿ ಮುಂದಿನ ಬಾಕಿಗಳ ಬಿಲ್ಲು ಮಾರಿದವರ ಹೆಸರಿನಲ್ಲಿಯೇ ಬರುತ್ತಿರುತ್ತದೆ.