ಹದಿನೇಳನೆಯ ನಂಬರಿನ ಅಚ್ಚಿನ ಮನೆ

ಚಿತ್ರಕಾರನಿಗೆ ಏಕಾಂತವೇ ಪರಮಸಾಧನವೆಂಬುದು ಬಹುಜನರ ಭಾವನೆ. ವರ್ಣಚಿತ್ರದ ಮಟ್ಟಿಗೆ ಈ ಮಾತು ಸಲ್ಲಬಹುದು. ಅಚ್ಚಿನ ಚಿತ್ರಕ್ಕೆ ಸಲ್ಲದು. ಲೋಹದ ತಗಡನ್ನು ಕೊರೆದು, ಆಮ್ಲದಲ್ಲಿ ಸವೆಯಿಸಿ, ಮಸಿಯನ್ನು ತುಂಬಿ, ಭಾರವಾದ ಯಂತ್ರದಡಿಯಲ್ಲಿ ಒದ್ದೆಯ ಕಾಗದಕ್ಕೆ ಒತ್ತಬೇಕಾದ ಈ ಕಲೆಗೆ ಯಂತ್ರವೂ ಸ್ಥಳವೂ ನೆರವಿನ ಕೈಗಳೂ ಬೇಕು. ಆದುದರಿಂದ ಇದರ ಚರಿತ್ರೆಯು ವ್ಯಕ್ತಿಗಳ ಚರಿತ್ರೆಯಾಗಿರುವಷ್ಟೇ ಮನೆಗಳ ಚರಿತ್ರೆಯೂ ಆಗಿದೆ. ಇಪ್ಪತ್ತನೆಯ ಶತಮಾನದ ಅಂತಹ ಮನೆಗಳಲ್ಲಿ ಬಹು ಪ್ರಸಿದ್ಧವಾದುದು ಪ್ಯಾರಿಸ್ ನಗರದ 'ಅಟೆಲಿಯೆ ೧೭'.

ಇದನ್ನು ೧೯೨೭ರಲ್ಲಿ ಆರಂಭಿಸಿದವರು ಸ್ಟ್ಯಾನ್ಲಿ ವಿಲಿಯಂ ಹೇಟರ್ ಎಂಬ ಆಂಗ್ಲೇಯರು. ಲಂಡನ್ನಿನಲ್ಲಿ ರಸಾಯನಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ವ್ಯಾಸಂಗಮಾಡಿ, ಪಾರಸೀಕ ದೇಶದ ಅಬಾದಾನಿನ ತೈಲದ ಕಂಪೆನಿಯಲ್ಲಿ ಕೆಲಕಾಲ ದುಡಿದ ಅವರು, ಪ್ಯಾರಿಸಿಗೆ ಬಂದು, ಪೋಲೆಂಡಿನವರಾದ ಜೋಸೆಫ್ ಹೆಕ್ಟರಿಂದ ತಗಡು ಕೊರೆಯುವ ವಿದ್ಯೆಯನ್ನು ಕಲಿತರು. ೧೯೩೩ರಲ್ಲಿ ಕಾರ್ಯಾಲಯವು ಬೀದಿಯೊಂದರ ಹದಿನೇಳನೆಯ ನಂಬರಿನ ಮನೆಗೆ ಬಂದಾಗ ಆ ಅಂಕಿಯೇ ಅದಕ್ಕೆ ಹೆಸರಾಗಿ ನಿಂತಿತು.

ಯೂರೋಪಿನಲ್ಲಿ ಒಬ್ಬನು ಬರೆದ ಚಿತ್ರವನ್ನು ಮತ್ತೊಬ್ಬನು ಕೊರೆದು ಪ್ರತಿಮಾಡುವ ಪದ್ಧತಿಯು ಬಹುಕಾಲ ಪ್ರಬಲವಾಗಿದ್ದಿತು. ಹೇಟರರ ಮನೆಯಲ್ಲಾದರೋ ಚಿತ್ರವು ತಗಡಿನ ಮೇಲೆಯೇ ಹುಟ್ಟಬೇಕಾಗಿತ್ತು. ಮಿರೋ, ಪಿಕಾಸೊ ಮೊದಲಾದ ಪ್ರಖ್ಯಾತರೂ ಹೆಸರಿಲ್ಲದ ಹೊಸಬರೂ ಅಲ್ಲಿ ಕೆಲಸಮಾಡಿದರು. ಸ್ಪೇನಿನ ಅಂತರ್ಯುದ್ಧದಲ್ಲಿ ನೊಂದ ಮಕ್ಕಳ ನೆರವಿಗಾಗಿ ೧೯೩೯ರಲ್ಲಿ 'ಫ್ರೆಟರ್ನಿಟಿ' ಎಂಬ ಚಿತ್ರಸಂಪುಟವನ್ನು ಹಲವರು ಕೂಡಿ ಹೊರತಂದರು. ಮಹಾಯುದ್ಧವು ಒದಗಲಾಗಿ ೧೯೪೦ರಲ್ಲಿ ಹೇಟರರು ನ್ಯೂಯಾರ್ಕಿನಲ್ಲಿ ಕಾರ್ಯಾಲಯವನ್ನು ಹೂಡಿದರು. ಜಾಕ್ಸನ್ ಪೊಲಾಕ್, ಲೂಯೀಸ್ ಬೂರ್ಜ್ವಾ ಮುಂತಾದವರು ಅಲ್ಲಿ ಬಂದು ಸೇರಿದರು. ೧೯೫೦ರಲ್ಲಿ ಹೇಟರರು ಪ್ಯಾರಿಸಿಗೆ ಮರಳಿದರು.

ಆ ದಶಕದಲ್ಲಿಯೇ ಭಾರತೀಯರಿಬ್ಬರು ಆ ಮನೆಯ ಬಾಳಿನಲ್ಲಿ ಪಾಲುಗೊಂಡರು. ಒಬ್ಬರು ೧೯೨೫ರಲ್ಲಿ ಆಂಧ್ರದಲ್ಲಿ ಜನಿಸಿ ಶಾಂತಿನಿಕೇತನದಲ್ಲಿ ಕಲಿತ ಕೃಷ್ಣಾರೆಡ್ಡಿಯವರು. ಇನ್ನೊಬ್ಬರು ಮುಂಬಯಿಯ ಕೈಕೋ ಮೋತಿಯವರು. ಬಣ್ಣದ ಚಿತ್ರಕ್ಕೆ ಸಾಮಾನ್ಯವಾಗಿ ಬಣ್ಣಕ್ಕೊಂದು ತಗಡನ್ನು ಮಾಡಿ, ಒಂದರ ಮೇಲೊಂದನ್ನು ಗುರುತು ತಪ್ಪದಂತೆ ಒತ್ತಬೇಕಾಗಿತ್ತು. ಈ ಮನೆಯಲ್ಲಿ ಕಂಡುಕೊಂಡ ಕ್ರಮದಲ್ಲಿ ಒಂದೇ ತಗಡು ಸಾಕು. ಅದನ್ನು ಮೇಲು ಕೆಳಗಾದ ಹಲವು ಮಟ್ಟಗಳಲ್ಲಿ ಕೊರೆಯುವರು. ಎಣ್ಣೆ ಹೆಚ್ಚಿದ ತೆಳು ಮಸಿಯನ್ನು ಗಟ್ಟಿಯಾದ ಉರುಳೆಯಿಂದ ಸವರಿದರೆ ಅದು ಮೇಲಿನ ಮಟ್ಟಕ್ಕೆ ಮಾತ್ರ ತಾಗುವುದು. ಬಳಿಕ ಮೃದುವಾದ ಉರುಳೆಯಿಂದ ಮಂದವಾದ ಮಸಿಯನ್ನು ಸವರಲು ಅದು ತಗ್ಗುಗಳಿಗೆ ಇಳಿಯುವುದಲ್ಲದೆ, ಎಣ್ಣೆಯುಳ್ಳ ಮೊದಲಿನ ಮಸಿಯ ಮೇಲೆ ಹತ್ತುವುದಿಲ್ಲ. ಹೀಗೆ ಬಣ್ಣಗಳೆಲ್ಲವೂ ಒಂದೇ ಒತ್ತಿನಲ್ಲಿ ಕಾಗದಕ್ಕೆ ಬರುವುವು.

ಈ ಶೋಧನೆಯು ಯಾರದು? ಕೆಲವರು ಕೃಷ್ಣಾರೆಡ್ಡಿಯವರದೆನ್ನುವರು, ಕೆಲವರು ಮೋತಿಯವರನ್ನೂ ಕೂಡಿಸುವರು, ಮತ್ತೆ ಕೆಲವರು ಹೇಟರರ ಹೆಸರನ್ನೇ ಮುಂದಿಡುವರು. ಒಬ್ಬನ ಕೈತಪ್ಪು ಇನ್ನೊಬ್ಬನಿಗೆ ಪಾಠವಾಗುವ ಎಡೆಯಲ್ಲಿ ಗಡಿಯನ್ನು ಗೆರೆಕೊರೆದು ತೋರಿಸುವುದು ಸುಲಭವಲ್ಲ. ಆದರೆ ಕೂಡಿ ದುಡಿದರೆಂಬ ಕಾರಣದಿಂದ ಕೀರ್ತಿಯೆಲ್ಲವನ್ನೂ ಮನೆಯ ಯಜಮಾನನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಪರದೇಶದಿಂದ ಬಂದವರ ಪಾಲು ಮರೆಯಾಗುವುದು ಇಂತಹ ಲೆಕ್ಕದಲ್ಲಿಯೇ. ಕೃಷ್ಣಾರೆಡ್ಡಿಯವರು ೧೯೬೦ರ ದಶಕದಲ್ಲಿ ಹೇಟರರೊಡನೆ ಆ ಮನೆಯ ಸಹನಿರ್ದೇಶಕರಾದರೆಂಬುದನ್ನು ಇಲ್ಲಿ ನೆನೆಯಬೇಕು.

ಹೇಟರರು ೧೯೮೮ರಲ್ಲಿ ತೀರಿಕೊಂಡರು. ಕೃಷ್ಣಾರೆಡ್ಡಿಯವರು ನ್ಯೂಯಾರ್ಕಿನಲ್ಲಿ ಅನೇಕ ವರ್ಷ ಈ ವಿದ್ಯೆಯನ್ನು ಕಲಿಸಿ ೨೦೧೮ರಲ್ಲಿ ಕಾಲವಾದರು. ಪ್ಯಾರಿಸಿನ ಕಾರ್ಯಾಲಯವು ಹೇಟರರೊಡನೆ ಮುಗಿಯದೆ, 'ಅಟೆಲಿಯೆ ಕಾಂತ್ರ್‌ಪ್ವಾಂ' ಎಂಬ ಹೊಸ ಹೆಸರಿನಿಂದ ಮುಂದುವರಿಯಿತು. ಅಚ್ಚಿನ ಚಿತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಮಾಡಿದ ರುಜುವು ಒಂದೇ. ಅದನ್ನು ನೋಡುವವರು ಮಸಿಯನ್ನು ಕಲಸಿದ, ತಗಡನ್ನು ಒರಸಿದ, ಯಂತ್ರದ ಚಕ್ರವನ್ನು ತಿರುವಿದ ಕೈಗಳನ್ನೂ ನೆನೆದರೆ ಆಗ ಚಿತ್ರವನ್ನು ಪೂರ್ಣವಾಗಿ ಕಂಡಂತಾಗುವುದು.