ಕಸೂತಿಯ ಕಲಿಕೆ: ಎಳೆ ಎಣಿಕೆಯ ಪರಂಪರೆ

ಧಾರವಾಡ, ಬೆಳಗಾವಿ, ವಿಜಯಪುರ ಪರಿಸರದ ಕಸೂತಿಯನ್ನು ಕುರಿತ ವಿವೇಚನೆಯಲ್ಲಿ ಗೋಪುರ, ತೇರು, ಆನೆ, ತೊಟ್ಟಿಲು, ತುಳಸಿಕಟ್ಟೆ ಮೊದಲಾದ ಚಿತ್ತಾರಗಳಿಗೆ ಪ್ರಾಧಾನ್ಯ ದೊರೆಯುವುದು ಸಹಜ. ಇಳಕಲ್ ಸೀರೆಯ ಸೆರಗಿನಲ್ಲಿ, ಕುಪ್ಪಸದಲ್ಲಿ ಕಣ್ಣಿಗೆ ಮೊದಲು ಬೀಳುವುವು ಅವೇ. ಆದರೆ ಮನೆಯ ಹಿರಿಯ ಹೆಂಗಸರಿಂದ ಕಿರಿಯರಿಗೆ ಸಂದು ಬಂದ ಕಲಿಕೆಯ ಕ್ರಮವೂ ಈ ಕಲೆಯ ಚರಿತ್ರೆಗೆ ಮುಖ್ಯ ಆಕರವೆಂಬುದನ್ನು ಗಮನಿಸಬೇಕು.

ಈ ಕಲಿಕೆ ಎಣಿಕೆಯಿಂದ ಆರಂಭವಾಗುತ್ತದೆ. ಬಟ್ಟೆಯ ಮೇಲೆ ಚಿತ್ತಾರವನ್ನು ಮೊದಲೇ ಬರೆದುಕೊಳ್ಳುವ ಸಂಪ್ರದಾಯವಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಸಾಗಿ, ಮರಳುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಕವಲು ಬಂದಲ್ಲಿ ಅದರ ತುದಿ ಮುಟ್ಟಿ ಹಿಂದಿರುಗಬೇಕು. ಒಂದು ಎಳೆಯ ಎಣಿಕೆ ತಪ್ಪಿದರೂ ರೇಖೆಗಳು ಕೂಡಬೇಕಾದಲ್ಲಿ ಕೂಡುವುದಿಲ್ಲ. ಬಿಚ್ಚಿ ಮತ್ತೆ ಹಾಕುವುದೊಂದೇ ದಾರಿ. ಮೆಟ್ಟಿಲಿನಂತೆ ಸಾಗುವ ಮುರ್ಗಿಯೂ ಗವಂತಿಯಂತೆ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ರೂಪ ತಳೆಯುತ್ತದೆ. ಆದುದರಿಂದ ಹೊಸಬರ ಕೆಲಸವನ್ನು ಪರೀಕ್ಷಿಸಲು ಬಟ್ಟೆಯನ್ನು ತಿರುಗಿಸಿ ನೋಡಿದರೆ ಸಾಕು.

ಉಳಿದೆರಡು ಹೊಲಿಗೆಗಳ ಹೆಸರುಗಳು ಅರ್ಥಪೂರ್ಣವಾಗಿವೆ. ನೇಗಿಯು ನೇಯ್ಗೆಯನ್ನು ನೆನಪಿಸಿದರೆ, ಅಡ್ಡಗೆರೆಗಳು ಒಂದನ್ನೊಂದು ದಾಟುವ ಮೆಂತೆಯು ಅಡುಗೆಮನೆಯ ಕಾಳನ್ನು ನೆನಪಿಸುತ್ತದೆ. ಗವಂತಿಯ ತಂತ್ರವು ಯುರೋಪಿನಲ್ಲಿಯೂ ಬಳಕೆಯಲ್ಲಿತ್ತು. ಚಿತ್ರಕಾರ ಕಿರಿಯ ಹಾನ್ಸ್ ಹೋಲ್ಬೈನನ (1497-1543) ಭಾವಚಿತ್ರಗಳ ಉಡುಪಿನಲ್ಲಿ ಕಂಡುಬರುವುದರಿಂದ ಅಲ್ಲಿ ಅದು ಅವನ ಹೆಸರನ್ನೇ ಪಡೆದಿದೆ. ಆದ್ದರಿಂದ ಕೇವಲ ಹೊಲಿಗೆಯ ರಚನೆಯನ್ನು ಆಧರಿಸಿ ಕಲೆಯ ಮೂಲವನ್ನು ನಿರ್ಣಯಿಸಲಾಗದು. ಹೆಸರು, ಚಿತ್ತಾರ, ಬಟ್ಟೆ, ಕಲಿಸುವ ಕ್ರಮ ಇವೆಲ್ಲ ಕೂಡಿದಾಗಲೇ ಕಸೂತಿಗೆ ಅದರ ಪ್ರಾದೇಶಿಕ ಸ್ವರೂಪ ಪ್ರಾಪ್ತವಾಗುತ್ತದೆ.

ಎಳೆ ಎಣಿಸಲು ಬಾರದ ನಯವಾದ ಬಟ್ಟೆಗಳ ಬಳಕೆಯಿಂದ ಈ ಕ್ರಮಕ್ಕೆ ಧಕ್ಕೆ ಒದಗಿದೆ. ಅಂತಹ ಬಟ್ಟೆಯ ಮೇಲೆ ಜಾಳುಬಟ್ಟೆಯನ್ನು ಹೊಂದಿಸಿ, ಹೊಲಿಗೆ ಮುಗಿದ ಬಳಿಕ ಅದರ ಎಳೆಗಳನ್ನು ಸೆಳೆದು ತೆಗೆಯುವ ಉಪಾಯವು ಎಣಿಕೆಯನ್ನು ಉಳಿಸಿದೆ. ಆದರೆ ಚಿತ್ತಾರವನ್ನು ಬಟ್ಟೆಯ ಮೇಲೆ ಅಚ್ಚೊತ್ತಿದಾಗ ಎಣಿಕೆಯ ಅಗತ್ಯವೇ ಇಲ್ಲವಾಗುತ್ತದೆ. 2006ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯು ಕಸೂತಿಯ ಹೆಸರಿಗೆ ರಕ್ಷಣೆ ನೀಡಿದೆ. ಕೈಯ ಅರಿವನ್ನು ಉಳಿಸುವ ಹೊಣೆ ಅದರಿಂದ ತೀರದು. ಸಂಗ್ರಹಾಲಯಗಳು ಬಟ್ಟೆಯ ಎರಡೂ ಮಗ್ಗುಲನ್ನು, ಸೂಜಿ ಸಾಗಿದ ದಾರಿಯನ್ನು, ಕಲಿಸುವವರ ಮಾತನ್ನು ಒಟ್ಟಿಗೆ ದಾಖಲಿಸುವುದು ಅವಶ್ಯ. ಚಿತ್ತಾರ ಮಾತ್ರ ಉಳಿದರೆ ನೋಡಲು ಕಸೂತಿ ಇರುತ್ತದೆ, ಕಲಿಯಲು ಇರುವುದಿಲ್ಲ.